ಸಂಡೂರಿನ ಘೋರ್ಪಡೆ ಮನೆತನ

ಮರಿಯಮ್ಮನಹಳ್ಳಿಗೆ ಪೂರ್ವದಲ್ಲಿ, ಗುಡ್ಡಸಾಲಿನಾಚೆ ಇರುವ ಸಂಡೂರು 1949ರವರೆಗೆ ಮರಾಠಾ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. 18ನೆಯ ಶತಮಾನದ ಪೂರ್ವಾರ್ಧದಲ್ಲಿ ಸಿದ್ದೋಜಿರಾವ್ ಈ ಕಣಿವೆಯನ್ನು ಬೇಡ ಪಾಳೆಯಗಾರರಿಂದ ಗೆದ್ದುಕೊಂಡನು. ಗುತ್ತಿಯ ಮುರಾರಿರಾವ್ ಇದೇ ವಂಶದವನು. ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಲ್ಲಿ ಕೈತಪ್ಪಿದ ಸೀಮೆ ಮತ್ತೆ ಮನೆತನಕ್ಕೆ ದಕ್ಕಿತು. 1817ರಲ್ಲಿ ಥಾಮಸ್ ಮನ್ರೋ ಸಂಡೂರನ್ನು ವಶಪಡಿಸಿಕೊಂಡನಾದರೂ ಮರುವರ್ಷವೇ ಅದನ್ನು ಹಿಂದಿರುಗಿಸಲಾಯಿತು.

ಕೊನೆಯ ಅರಸರಾದ ಯಶವಂತರಾವ್ ಘೋರ್ಪಡೆಯವರು 1928ರಲ್ಲಿ ಪಟ್ಟಕ್ಕೆ ಬಂದರು. 1932ರಲ್ಲಿ ಸಂಸ್ಥಾನದ ದೇವಾಲಯಗಳನ್ನು ದಲಿತರಿಗೆ ತೆರೆದದ್ದು ಅವರ ಆಳ್ವಿಕೆಯ ಮಹತ್ವದ ಹೆಜ್ಜೆ. ತಿರುವಾಂಕೂರಿನ ಪ್ರಸಿದ್ಧ ದೇವಾಲಯ ಪ್ರವೇಶ ಘೋಷಣೆ ಹೊರಬಿದ್ದದ್ದು ನಾಲ್ಕು ವರ್ಷಗಳ ಅನಂತರ, 1936ರಲ್ಲಿ. ಈ ನಡುವೆ, 1934ರಲ್ಲಿ, ಗಾಂಧೀಜಿ ಸಂಡೂರಿಗೆ ಭೇಟಿ ನೀಡಿದ್ದರು.

1949ರಲ್ಲಿ ಮದರಾಸು ಪ್ರಾಂತ್ಯದೊಡನೆ ವಿಲೀನಗೊಂಡ ಸಂಡೂರು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯಾಧಿಕಾರ ಹೋದರೂ ಮನೆತನದ ಪ್ರಭಾವ ಕುಂದಲಿಲ್ಲ. 1954ರಲ್ಲಿ ಸ್ಥಾಪನೆಯಾದ ಸಂಡೂರು ಮ್ಯಾಂಗನೀಸ್ ಕಂಪನಿಯ ಮೂಲಕ ಅದು ಗಣಿ ಉದ್ಯಮದಲ್ಲಿ ನೆಲೆಯೂರಿತು. ಯಶವಂತರಾಯರ ಪುತ್ರ ಎಂ.ವೈ. ಘೋರ್ಪಡೆ (1931–2011) ಚುನಾವಣೆಗೆ ನಿಂತು ಶಾಸಕರಾದರು. ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದರು. ವನ್ಯಜೀವಿ ಛಾಯಾಗ್ರಾಹಕರಾಗಿಯೂ ಅವರು ಹೆಸರಾಗಿದ್ದರು. ಅದಿರಿನ ಗುಡ್ಡಗಳಿಂದ ಸಂಪತ್ತು ಪಡೆದ ಮನೆತನದಲ್ಲಿಯೇ ಕಾಡಿನ ಜೀವಿಗಳ ಪರವಾದ ದನಿಯೂ ಹುಟ್ಟಿದ್ದು ಇದರ ಇತಿಹಾಸದ ವಿಶೇಷ.