ಎಚ್‌ಐವಿ ಸಮೀಕ್ಷೆ: ಅಂಕಿ ಇಳಿಯದಿದ್ದರೂ ಹೊಸ ಸೋಂಕು ತಗ್ಗಬಹುದು

ಮೈಸೂರು ನಗರದಲ್ಲಿ ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರ ನಡುವೆ 2004ರಲ್ಲಿ ನಡೆದ ಸಮೀಕ್ಷೆಯಲ್ಲಿ ಶೇ.26ರಷ್ಟು ಮಂದಿಗೆ ಎಚ್‌ಐವಿ ಸೋಂಕು ಪತ್ತೆಯಾಗಿತ್ತು. 2006ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ.24. ಮೇಲ್ನೋಟಕ್ಕೆ, ನಡುವಿನ ಅವಧಿಯ ತಡೆ ಕಾರ್ಯ ಫಲ ನೀಡಲಿಲ್ಲ ಎನಿಸುತ್ತದೆ. ವಾಸ್ತವ ಹಾಗಿರಲಿಲ್ಲ.

ಯಾರ ನಡುವೆ ಸಮೀಕ್ಷೆ?

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೊ) 1998ರಿಂದ ದೇಶಾದ್ಯಂತ ನಿಯತವಾಗಿ ಸಮೀಕ್ಷೆ ನಡೆಸುತ್ತ ಬಂದಿದೆ. ಗರ್ಭಿಣಿಯರ ರಕ್ತಪರೀಕ್ಷೆಯಿಂದ ಸಾಮಾನ್ಯ ಜನರಲ್ಲಿನ ಸೋಂಕಿನ ಅಂದಾಜು ದೊರೆಯುತ್ತದೆ. ಲೈಂಗಿಕ ಕಾರ್ಯಕರ್ತೆಯರು, ಸಲಿಂಗ ಸಂಪರ್ಕವುಳ್ಳ ಪುರುಷರು, ಲಿಂಗತ್ವ ಅಲ್ಪಸಂಖ್ಯಾತರು ಹಾಗೂ ಸೂಜಿಯ ಮೂಲಕ ಮಾದಕ ವಸ್ತು ಸೇವಿಸುವವರಲ್ಲಿ ಸೋಂಕಿನ ಪ್ರಮಾಣ ಹೆಚ್ಚಿರುವುದರಿಂದ ಅವರಿಗೆ ಪ್ರತ್ಯೇಕ ಸಮೀಕ್ಷೆ ಅಗತ್ಯ. ಚಿತ್ರದುರ್ಗ, ಹಿರಿಯೂರು ಹಾದು ಹೋಗುವ ಹೆದ್ದಾರಿಯಂಥ ಮಾರ್ಗಗಳ ಲಾರಿ ಚಾಲಕರು ಮತ್ತು ವಲಸೆ ಕಾರ್ಮಿಕರ ಮೂಲಕ ಸೋಂಕು ಇತರೆಡೆಗೆ ಹರಡುವ ಸಾಧ್ಯತೆ ಇರುವುದರಿಂದ ಅವರನ್ನೂ ಗಮನಿಸಲಾಗುತ್ತದೆ.

ಮೈಸೂರಿನ ಪಾಠ

ಮೈಸೂರಿನಲ್ಲಿ 2004ರಲ್ಲಿ ಆರಂಭವಾದ ತಡೆ ಯೋಜನೆಯನ್ನು ಮುನ್ನಡೆಸಿದವರು ಲೈಂಗಿಕ ಕಾರ್ಯಕರ್ತೆಯರೇ. ಅವರ ಸಂಘಟನೆಯೇ ಆಶೋದಯ ಸಮಿತಿ. ಎರಡೂ ಸಮೀಕ್ಷೆಗಳಲ್ಲಿ ತಲಾ 400ಕ್ಕೂ ಹೆಚ್ಚು ಮಹಿಳೆಯರು ಪಾಲ್ಗೊಂಡರು. ಅಪರೂಪಕ್ಕೆ ಬರುವ ಗಿರಾಕಿಗಳೊಂದಿಗೆ ಕೊನೆಯ ಬಾರಿ ಕಾಂಡೋಮ್ ಬಳಸಿದವರ ಪ್ರಮಾಣ ಶೇ.65ರಿಂದ ಶೇ.90ಕ್ಕೆ ಏರಿತು. ಸಿಫಿಲಿಸ್ ಶೇ.25ರಿಂದ 12ಕ್ಕೆ, ಗೊನೊರಿಯಾ ಶೇ.5ರಿಂದ 2ಕ್ಕೆ ಇಳಿಯಿತು. ಕಾಯಂ ಸಂಗಾತಿಯ ವಿಷಯದಲ್ಲಿ ಮಾತ್ರ ಕಾಂಡೋಮ್ ಬಳಕೆ ಶೇ.7ರಿಂದ ಶೇ.30ಕ್ಕಷ್ಟೇ ತಲುಪಿತು.

ಹಾಗಾದರೆ ಎಚ್‌ಐವಿ ಅಂಕಿ ಏಕೆ ಕದಲಲಿಲ್ಲ? ಸಿಫಿಲಿಸ್ ಚಿಕಿತ್ಸೆಯಿಂದ ಗುಣವಾಗುತ್ತದೆ. ಎಚ್‌ಐವಿ ಜೀವನಪರ್ಯಂತ ಉಳಿಯುತ್ತದೆ. ಹಿಂದೆ ಸೋಂಕಿತರಾದವರು ಪ್ರತಿ ಸಮೀಕ್ಷೆಯಲ್ಲೂ ಲೆಕ್ಕಕ್ಕೆ ಬರುತ್ತಾರೆ. ಸೋಂಕು ಇತ್ತೀಚಿನದೇ ಎಂಬುದನ್ನು ಗುರುತಿಸುವ ವಿಶೇಷ ಪರೀಕ್ಷೆಯನ್ನೂ ಮೈಸೂರಿನಲ್ಲಿ ನಡೆಸಲಾಗಿತ್ತು. ಆರಂಭದ ತಿಂಗಳುಗಳಲ್ಲಿ ರಕ್ತದಲ್ಲಿ ಪ್ರತಿಕಾಯಗಳು ಕಡಿಮೆ ಇರುತ್ತವೆ ಎಂಬುದೇ ಇದರ ಆಧಾರ. ಹೊಸ ಸೋಂಕುಗಳು ತಗ್ಗಿರುವ ಸೂಚನೆ ಅದರಲ್ಲಿ ದೊರೆಯಿತು.

ಅಂಕಿಗಳ ಮಿತಿ

ಚಿಕಿತ್ಸೆಯೂ ಅಂಕಿಯನ್ನು ಬದಲಿಸುತ್ತದೆ. ದೇಶದಲ್ಲಿ 2004ರ ಏಪ್ರಿಲ್‌ನಿಂದ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾಯಿತು. ಸೋಂಕಿತರು ಹೆಚ್ಚು ಕಾಲ ಬದುಕಿದಷ್ಟೂ ಅವರ ಒಟ್ಟು ಸಂಖ್ಯೆ ಏರುತ್ತದೆ. ಅದು ಸೋಲಲ್ಲ.

ಮಾದರಿಯ ಗಾತ್ರವೂ ಮುಖ್ಯ. ಯಾದೃಚ್ಛಿಕವಾಗಿ ಆಯ್ದ 250 ಮಂದಿಯಲ್ಲಿ 25 ಮಂದಿಗೆ ಸೋಂಕಿದ್ದರೆ ಪ್ರಮಾಣ ಶೇ.10 ಆಗುತ್ತದೆ; ಆದರೆ ನೈಜ ಪ್ರಮಾಣ ಸುಮಾರು ಶೇ.6ರಿಂದ 14ರ ನಡುವೆ ಎಲ್ಲಿಯೂ ಇರಬಹುದು. ಒಂದೆರಡು ಅಂಶಗಳ ಏರಿಳಿತವನ್ನು ಪ್ರವೃತ್ತಿ ಎನ್ನಲಾಗದು. ಬೀದಿಯಲ್ಲಿ ಕಾಣಸಿಗುವವರು ಸುಲಭವಾಗಿ ಲೆಕ್ಕಕ್ಕೆ ಸಿಗುತ್ತಾರೆ. ಮನೆಯಿಂದ ಅಥವಾ ಮೊಬೈಲ್ ಮೂಲಕ ವೃತ್ತಿ ನಡೆಸುವವರು ತಪ್ಪಿಹೋಗುತ್ತಾರೆ.

ಗುಟ್ಟು ಬಯಲಾಗುವ ಭಯವಿದ್ದಲ್ಲಿ ಜನ ಪರೀಕ್ಷೆಗೆ ಮುಂದೆ ಬರುವುದಿಲ್ಲ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಪರೀಕ್ಷೆಗೆ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದ್ದು, ಸೋಂಕಿತರ ವಿವರ ಗೋಪ್ಯವಾಗಿಡುವಂತೆ ಸೂಚಿಸಿದೆ, ತಾರತಮ್ಯವನ್ನು ನಿಷೇಧಿಸಿದೆ. ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಮಾಹಿತಿಗೆ ಉಚಿತ ಸಹಾಯವಾಣಿ: 1097.