ಮರೀನ್ ಎಂಜಿನಿಯರ್ ಆಗುವುದು ಹೇಗೆ? ಪದವಿಯೊಂದೇ ಏಕೆ ಸಾಲದು?

ಸರಕು ಹಡಗೊಂದು ಬಂದರು ಬಿಟ್ಟು ಆಳ ಸಮುದ್ರ ಸೇರಿದ ಮೇಲೆ ಅದಕ್ಕೆ ಹೊರಗಿನಿಂದ ವಿದ್ಯುತ್ ಸಿಗುವುದಿಲ್ಲ, ಕುಡಿಯುವ ನೀರು ಸಿಗುವುದಿಲ್ಲ, ಕೆಟ್ಟರೆ ರಿಪೇರಿಗೆ ಗ್ಯಾರೇಜೂ ಇರುವುದಿಲ್ಲ. ಇವೆಲ್ಲವನ್ನೂ ಹಡಗಿನೊಳಗೇ ನಿಭಾಯಿಸುವವರು ಮರೀನ್ ಎಂಜಿನಿಯರ್‌ಗಳು. ಒಳ್ಳೆಯ ಸಂಬಳದ ಕಾರಣಕ್ಕೆ ಪಿಯುಸಿ ವಿಜ್ಞಾನ ಓದಿದ ಅನೇಕರು ಈ ವೃತ್ತಿಯತ್ತ ನೋಡುತ್ತಾರೆ. ಆದರೆ ಅರೆಬರೆ ಮಾಹಿತಿ ನಂಬಿ ಲಕ್ಷಗಟ್ಟಲೆ ಹಣ ಕಳೆದುಕೊಳ್ಳುವವರೂ ಇದ್ದಾರೆ. ಹಾಗಾಗಿ ದಾರಿಯನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಕೆಲಸ ಏನು?

ದೊಡ್ಡ ಹಡಗುಗಳ ಮುಖ್ಯ ಎಂಜಿನ್ ಸಾಮಾನ್ಯವಾಗಿ ಎರಡು ಸ್ಟ್ರೋಕಿನ ಡೀಸೆಲ್ ಎಂಜಿನ್. ಅದು ತಿರುಗುವುದು ನಿಮಿಷಕ್ಕೆ ಸುಮಾರು 100 ಸುತ್ತು ಮಾತ್ರ, ಆದರೆ ಗಾತ್ರ ಮತ್ತು ಶಕ್ತಿ ಅಗಾಧ. 2006ರಲ್ಲಿ ಸೇವೆಗೆ ಬಂದ ಎಮ್ಮಾ ಮೇರ್ಸ್ಕ್ ಎಂಬ ಕಂಟೇನರ್ ಹಡಗಿನ 14 ಸಿಲಿಂಡರ್ ಎಂಜಿನ್‌ನ ಎತ್ತರ ಸುಮಾರು 13.5 ಮೀಟರ್, ಅಂದರೆ ನಾಲ್ಕು ಮಹಡಿ ಕಟ್ಟಡದಷ್ಟು. ಅದರ ಶಕ್ತಿ ಸುಮಾರು 1,09,000 ಅಶ್ವಶಕ್ತಿ.

ಇದರ ಜೊತೆಗೆ ಜನರೇಟರ್, ಬಾಯ್ಲರ್, ಪಂಪು, ಶೀತಲೀಕರಣ ಯಂತ್ರಗಳ ಹೊಣೆಯೂ ಇವರದೇ. ಸಿಹಿನೀರು ತಯಾರಿಸುವ ಯಂತ್ರವನ್ನೇ ನೋಡಿ. ಅದರೊಳಗೆ ಗಾಳಿಯ ಒತ್ತಡ ತಗ್ಗಿಸುವುದರಿಂದ ಸಮುದ್ರದ ನೀರು 100 ಡಿಗ್ರಿಗಿಂತ ಬಹಳ ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಎಂಜಿನ್ ತಂಪಾಗಿಸಿ ಬಂದ ಬಿಸಿನೀರಿನ ಶಾಖವೇ ಅದಕ್ಕೆ ಸಾಕಾಗುತ್ತದೆ. ಪರಿಸರ ನಿಯಮ ಪಾಲನೆಯೂ ಕೆಲಸದ ಭಾಗ. ಎಂಜಿನ್ ಕೋಣೆಯ ಕೊಳೆನೀರನ್ನು ಸಮುದ್ರಕ್ಕೆ ಬಿಡುವಾಗ ಅದರಲ್ಲಿ ಎಣ್ಣೆಯ ಅಂಶ ಹತ್ತು ಲಕ್ಷಕ್ಕೆ 15 ಭಾಗ ಮೀರುವಂತಿಲ್ಲ.

ಇದು ನೌಕಾಪಡೆಯ ಕೆಲಸವೇ?

ಅಲ್ಲ. ಕಾರವಾರದ ಐಎನ್‌ಎಸ್ ಕದಂಬ ದೇಶದ ರಕ್ಷಣೆಗಿರುವ ನೌಕಾಪಡೆಯ ನೆಲೆ. ಪಣಂಬೂರಿನ ನವಮಂಗಳೂರು ಬಂದರಿಗೆ ಕಚ್ಚಾತೈಲ, ಕಲ್ಲಿದ್ದಲು ತರುವ ಹಡಗುಗಳು ಮರ್ಚೆಂಟ್ ನೇವಿಗೆ, ಅಂದರೆ ವಾಣಿಜ್ಯ ನೌಕಾಯಾನಕ್ಕೆ ಸೇರಿದವು. ಇಲ್ಲಿ ನೀವು ಹಡಗು ಕಂಪನಿಯ ನೌಕರರು. ಹಾಗೆಯೇ ಹಡಗಿನ ವಿನ್ಯಾಸ ಮಾಡುವುದು ನೇವಲ್ ಆರ್ಕಿಟೆಕ್ಟ್‌ಗಳ ಕೆಲಸ. ಅದಕ್ಕೆ ಬೇರೆಯೇ ಕೋರ್ಸ್ ಇದೆ.

ಯಾರು ಸೇರಬಹುದು?

ಮುಖ್ಯ ದಾರಿ ನಾಲ್ಕು ವರ್ಷದ ಬಿ.ಟೆಕ್ ಮರೀನ್ ಎಂಜಿನಿಯರಿಂಗ್. ಪಿಯುಸಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದಲ್ಲಿ ಒಟ್ಟು ಶೇ. 60 ಅಂಕ ಹಾಗೂ ಹತ್ತನೇ ತರಗತಿ ಅಥವಾ ಪಿಯುಸಿಯ ಇಂಗ್ಲಿಷ್‌ನಲ್ಲಿ ಶೇ. 50 ಅಂಕ ಸಾಮಾನ್ಯ ಅರ್ಹತೆ. ವಯೋಮಿತಿಯೂ ಇದೆ. 2008ರಲ್ಲಿ ಸ್ಥಾಪನೆಯಾದ, ಚೆನ್ನೈನಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ಸಾಗರ ವಿಶ್ವವಿದ್ಯಾಲಯ ಪ್ರವೇಶಕ್ಕೆ ಐಎಂಯು ಸಿಇಟಿ ನಡೆಸುತ್ತದೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವರಿಗೆ ಜಿಎಂಇ ಎಂಬ ಒಂದು ವರ್ಷದ ಕೋರ್ಸ್ ಇದೆ.

ಕನ್ನಡಕ ಇದ್ದರೆ ಆಗುವುದೇ ಇಲ್ಲ ಎಂಬುದು ತಪ್ಪು ಕಲ್ಪನೆ. ಎಂಜಿನ್ ವಿಭಾಗದಲ್ಲಿ ನಿಗದಿತ ಮಿತಿಯೊಳಗಿನ ಕನ್ನಡಕಕ್ಕೆ ಅವಕಾಶವಿದೆ. ಆದರೆ ಬಣ್ಣಗುರುಡು ಇದ್ದವರಿಗೆ ಪ್ರವೇಶವಿಲ್ಲ. ಪೈಪು, ವೈರು, ಎಚ್ಚರಿಕೆಯ ದೀಪಗಳನ್ನು ಬಣ್ಣದಿಂದಲೇ ಗುರುತಿಸಬೇಕಾಗುತ್ತದೆ. ಹಾಗಾಗಿ ಶುಲ್ಕ ಕಟ್ಟುವ ಮೊದಲೇ ಮಾನ್ಯತೆ ಪಡೆದ ವೈದ್ಯರಲ್ಲಿ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಿ.

ಪದವಿ ಬಂದರೆ ಮುಗಿಯಿತೇ?

ಹೆಚ್ಚಿನವರು ಎಡವುವುದು ಇಲ್ಲೇ. ಪದವಿ ಹಡಗಿನ ಅಧಿಕಾರಿಯಾಗಲು ಪರವಾನಗಿಯಲ್ಲ. ಪದವಿಯ ನಂತರ ಹಡಗಿನಲ್ಲಿ ತರಬೇತಿ ಎಂಜಿನಿಯರ್ ಆಗಿ, ಸಾಮಾನ್ಯವಾಗಿ ಆರು ತಿಂಗಳು ಕೆಲಸ ಮಾಡಬೇಕು. ಆ ಬಳಿಕವೇ ಡಿಜಿ ಶಿಪ್ಪಿಂಗ್ ಎಂದು ಪರಿಚಿತವಾದ ನೌಕಾಯಾನ ಮಹಾನಿರ್ದೇಶನಾಲಯದ ಅಡಿಯಲ್ಲಿ ನಡೆಯುವ ಎಂಇಒ ಕ್ಲಾಸ್ 4 ಪರೀಕ್ಷೆ. ಅದರಲ್ಲಿ ಪಾಸಾದವರು ನಾಲ್ಕನೇ ಎಂಜಿನಿಯರ್ ಆಗಬಹುದು. ಮುಂದೆ ಸಮುದ್ರಾನುಭವ ಗಳಿಸುತ್ತಾ ಕ್ಲಾಸ್ 2 ಹಾಗೂ ಕ್ಲಾಸ್ 1 ಪರೀಕ್ಷೆ ದಾಟಿದರೆ ಎರಡನೇ ಎಂಜಿನಿಯರ್, ಕೊನೆಗೆ ಚೀಫ್ ಎಂಜಿನಿಯರ್ ಹುದ್ದೆ.

ಅಂದರೆ ಮೊದಲ ಹಡಗು ಸಿಗದಿದ್ದರೆ ಈ ಸರಪಳಿ ಶುರುವಾಗುವುದೇ ಇಲ್ಲ. ಪದವಿ ಇದ್ದೂ ತರಬೇತಿಯ ಸ್ಥಾನಕ್ಕಾಗಿ ಕಾಯುವ ಯುವಕರು ಅನೇಕರಿದ್ದಾರೆ. ಆದ್ದರಿಂದ ಕಾಲೇಜು ಆಯ್ಕೆ ಮಾಡುವಾಗ ಕಟ್ಟಡ, ಹಾಸ್ಟೆಲ್‌ಗಿಂತ ಮುಖ್ಯವಾದ ಪ್ರಶ್ನೆ: ಕಳೆದ ವರ್ಷ ಎಷ್ಟು ವಿದ್ಯಾರ್ಥಿಗಳು ಹಡಗು ಹತ್ತಿದರು, ಯಾವ ಕಂಪನಿಗಳ ಮೂಲಕ? ಕಂಪನಿಯೊಂದು ಮೊದಲೇ ಆಯ್ಕೆ ಮಾಡಿ ಪ್ರಾಯೋಜಕತ್ವ ಕೊಟ್ಟರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ.

ಹಣ ಕೊಟ್ಟರೆ ಕೆಲಸ ಸಿಗುತ್ತದೆಯೇ?

ಕೆಲಸಕ್ಕಾಗಿ ಏಜೆಂಟರು ಹಣ ಕೇಳುವುದೇ ನಿಯಮಬಾಹಿರ. ಭಾರತ 2015ರಲ್ಲಿ ಅಂಗೀಕರಿಸಿದ ಸಾಗರ ಕಾರ್ಮಿಕ ಒಪ್ಪಂದದ ಪ್ರಕಾರ ನೇಮಕಾತಿಗಾಗಿ ನಾವಿಕರಿಂದ ಶುಲ್ಕ ಪಡೆಯುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಪಾಸ್‌ಪೋರ್ಟ್, ನಾವಿಕರ ಪುಸ್ತಕದಂಥ ವೆಚ್ಚಗಳು ಮಾತ್ರ ನಿಮ್ಮವು. ನೇಮಕಾತಿ ಸಂಸ್ಥೆಗೆ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು. ಪರವಾನಗಿ ಪಡೆದ ಸಂಸ್ಥೆಗಳ ಮತ್ತು ಮಾನ್ಯತೆ ಪಡೆದ ಕಾಲೇಜುಗಳ ಪಟ್ಟಿ ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿದೆ. ನಕಲಿ ದಾಖಲೆ ಹಿಡಿದು ಹೋದವರು ಪರದೇಶದ ಬಂದರಿನಲ್ಲಿ ಸಂಬಳವೂ ಇಲ್ಲದೆ, ಕಾನೂನಿನ ರಕ್ಷಣೆಯೂ ಇಲ್ಲದೆ ಸಿಕ್ಕಿಬೀಳುವ ಅಪಾಯವಿದೆ.

ಸಂಬಳ, ತೆರಿಗೆ, ಬದುಕು

ಸಂಬಳ ಚೆನ್ನಾಗಿರುತ್ತದೆ ನಿಜ. ಆದರೆ ಅನೇಕ ಕಂಪನಿಗಳಲ್ಲಿ ಅದು ಹಡಗಿನಲ್ಲಿರುವ ತಿಂಗಳುಗಳಿಗೆ ಮಾತ್ರ. ನಾವಿಕರಿಗೆ ತೆರಿಗೆಯೇ ಇಲ್ಲ ಎಂಬುದೂ ಪೂರ್ತಿ ಸತ್ಯವಲ್ಲ. ಒಂದು ಆರ್ಥಿಕ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ ಎಂಬ ವಿನಾಯಿತಿ ಸಿಗಬಹುದು, ಇಲ್ಲವಾದರೆ ತೆರಿಗೆ ಕಟ್ಟಬೇಕು.

ಎಂಜಿನ್ ಕೋಣೆಯ ಬಿಸಿ ಹಲವೊಮ್ಮೆ 40 ಡಿಗ್ರಿ ದಾಟುತ್ತದೆ, ಸದ್ದು ಕಿವಿಗಡಚಿಕ್ಕುತ್ತದೆ. ತಿಂಗಳುಗಟ್ಟಲೆ ಮನೆಯಿಂದ ದೂರ ಇರಬೇಕು. ಹಬ್ಬ, ಮದುವೆ, ಕೆಲವೊಮ್ಮೆ ಆಪ್ತರ ಕೊನೆಯ ದರ್ಶನವೂ ತಪ್ಪಬಹುದು. ಹೆಣ್ಣುಮಕ್ಕಳಿಗೆ ಇದು ಆಗದ ಕೆಲಸ ಎಂಬ ಮಾತನ್ನು ಮಾತ್ರ ನಂಬಬೇಡಿ. 1999ರಲ್ಲಿ ಸೋನಾಲಿ ಬ್ಯಾನರ್ಜಿ ಭಾರತದ ಮೊದಲ ಮಹಿಳಾ ಮರೀನ್ ಎಂಜಿನಿಯರ್ ಆದರು.

ಯಂತ್ರಗಳ ಮೇಲೆ ಆಸಕ್ತಿ, ಗಟ್ಟಿ ದೇಹ, ಒಂಟಿತನ ತಾಳುವ ಮನಸ್ಸು ಇದ್ದವರಿಗೆ ಇದು ಒಳ್ಳೆಯ ವೃತ್ತಿ. ಕಾಲೇಜಿನ ಮಾನ್ಯತೆ, ಕಣ್ಣಿನ ಪರೀಕ್ಷೆ, ಮೊದಲ ಹಡಗಿನ ಭರವಸೆ, ಈ ಮೂರನ್ನೂ ಖಚಿತಪಡಿಸಿಕೊಂಡ ಮೇಲೆಯೇ ಹಣ ಕಟ್ಟಿ.