ಖಾಸಗಿಯಾಗಿ ಹಳೆಯ ಕಾರು ಖರೀದಿಸುವವರು ಹಣ ಪಾವತಿಯಲ್ಲಿ ಅನುಸರಿಸಬೇಕಾದ ಕ್ರಮಗಳು

ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳ ಪರಿಸರದಲ್ಲಿ ಉಪಯೋಗಿಸಿದ ಕಾರುಗಳ ಮಾರಾಟವು ಅನೇಕ ವೇಳೆ ಮಧ್ಯವರ್ತಿಗಳಿಲ್ಲದೆ, ಪರಿಚಯಸ್ಥರ ಮಾತಿನ ಮೇಲೆ ಅಥವಾ ಅಂತರ್ಜಾಲದ ಜಾಹೀರಾತಿನ ಆಧಾರದ ಮೇಲೆ ನಡೆಯುತ್ತದೆ. ಪ್ರಾದೇಶಿಕ ಸಾರಿಗೆ ಕಛೇರಿಯು ಮಾಲೀಕತ್ವದ ಬದಲಾವಣೆಯನ್ನು ದಾಖಲಿಸುತ್ತದೆಯೇ ಹೊರತು, ಮಾರಾಟಗಾರರು ಹಾಗೂ ಖರೀದಿದಾರರ ನಡುವಿನ ಹಣದ ವಿವಾದವನ್ನು ಇತ್ಯರ್ಥಪಡಿಸುವುದಿಲ್ಲ. ಆದುದರಿಂದ ಹಣ, ದಾಖಲೆ ಮತ್ತು ವಾಹನ ಈ ಮೂರೂ ಒಂದೇ ದಿನ, ಒಂದೇ ಸ್ಥಳದಲ್ಲಿ ಕೈ ಬದಲಾಗುವಂತೆ ನೋಡಿಕೊಳ್ಳುವುದು ಉಭಯತ್ರರಿಗೂ ಕ್ಷೇಮಕರ.

1. ಹಣ ಪಾವತಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ನೋಂದಣಿ ಪ್ರಮಾಣಪತ್ರದಲ್ಲಿರುವ ಮಾಲೀಕರ ಹೆಸರು, ಚಾಸಿಸ್ ಸಂಖ್ಯೆ ಹಾಗೂ ಎಂಜಿನ್ ಸಂಖ್ಯೆಗಳನ್ನು ವಾಹನದೊಂದಿಗೆ ತಾಳೆ ನೋಡತಕ್ಕದ್ದು. ವಾಹನದ ಮೇಲೆ ಸಾಲವಿದೆಯೇ ಎಂಬುದನ್ನು ಪರಿವಾಹನ್ ಜಾಲತಾಣದ ವಿವರಗಳಿಂದಲೂ ತಿಳಿಯಬಹುದು.

ಈ ಜಿಲ್ಲೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಮಣಿಪಾಲದಲ್ಲಿ ಪ್ರಧಾನ ಕಛೇರಿ ಹೊಂದಿದ್ದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿಯೂ, 1906ರಲ್ಲಿ ಉಡುಪಿಯಲ್ಲಿ ಸ್ಥಾಪನೆಗೊಂಡ ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿಯೂ ವಿಲೀನಗೊಂಡವು. ಹಳೆಯ ನೋಂದಣಿ ಪ್ರಮಾಣಪತ್ರದಲ್ಲಿ ಈ ಬ್ಯಾಂಕುಗಳ ಹೆಸರಿನಲ್ಲಿ ಸಾಲದ ನಮೂದು ಉಳಿದಿದ್ದಲ್ಲಿ, "ಆ ಬ್ಯಾಂಕೇ ಈಗಿಲ್ಲ, ಸಾಲವೂ ಮುಗಿದಿದೆ" ಎಂಬ ಮಾತನ್ನು ಒಪ್ಪತಕ್ಕದ್ದಲ್ಲ. ವಿಲೀನದ ನಂತರದ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ಹಾಗೂ ಸಹಿ ಮಾಡಿದ ನಮೂನೆ 35ನ್ನು ಪಡೆಯಬೇಕು.

2. ಪಾವತಿ ವಿಧಾನಗಳು

ಅ) ಬ್ಯಾಂಕ್ ವರ್ಗಾವಣೆ: ಇದು ಹೆಚ್ಚು ಸುರಕ್ಷಿತವಾದ ವಿಧಾನ. 2 ಲಕ್ಷ ರೂ. ಮತ್ತು ಅದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಆರ್‌ಟಿಜಿಎಸ್, ಕಡಿಮೆ ಮೊತ್ತಕ್ಕೆ ನೆಫ್ಟ್ ಬಳಸಬಹುದು. ನೆಫ್ಟ್ 2019ರ ಡಿಸೆಂಬರ್‌ನಿಂದ ಹಾಗೂ ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ಲಭ್ಯವಿವೆ. ಹಣ ಕಳುಹಿಸುವ ಮುನ್ನ ಖಾತೆದಾರರ ಹೆಸರು ನೋಂದಣಿ ಪ್ರಮಾಣಪತ್ರದ ಹೆಸರಿಗೆ ಹೊಂದುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಸಾಧ್ಯವಾದಲ್ಲಿ ಉಭಯತ್ರರೂ ಬ್ಯಾಂಕ್ ಶಾಖೆಯಲ್ಲಿಯೇ ಭೇಟಿಯಾಗಿ, ಹಣ ಜಮೆಯಾದ ಕೂಡಲೇ ದಾಖಲೆಗಳಿಗೆ ಸಹಿ ಮಾಡುವುದು ಉತ್ತಮ.

ಆ) ಡಿಮ್ಯಾಂಡ್ ಡ್ರಾಫ್ಟ್: 2018ರ ಸೆಪ್ಟೆಂಬರ್ 15ರಿಂದ ಡ್ರಾಫ್ಟ್ ಮೇಲೆ ಅದನ್ನು ಖರೀದಿಸಿದವರ ಹೆಸರೂ ಮುದ್ರಿತವಾಗಿರುತ್ತದೆ. ನಕಲಿ ಡ್ರಾಫ್ಟ್‌ಗಳ ಸಾಧ್ಯತೆ ಇರುವುದರಿಂದ, ಮಾರಾಟಗಾರರು ಅದನ್ನು ನೀಡಿದ ಶಾಖೆಯಲ್ಲಿ ವಿಚಾರಿಸಿದ ನಂತರವೇ ಕೀಲಿಕೈ ಒಪ್ಪಿಸತಕ್ಕದ್ದು.

ಇ) ಚೆಕ್: ಹಣ ಜಮೆಯಾಗುವವರೆಗೆ ಚೆಕ್ ಕೇವಲ ಒಂದು ಭರವಸೆ. ಚೆಕ್ ಅಮಾನ್ಯಗೊಂಡಲ್ಲಿ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಅನ್ವಯ ದೂರು ಸಲ್ಲಿಸಲು ಅವಕಾಶವಿದೆಯಾದರೂ, ಪ್ರಕರಣ ಮುಗಿಯುವವರೆಗೆ ಕಾರು ಮತ್ತೊಬ್ಬರ ಬಳಿ ಇರುತ್ತದೆ.

ಈ) ಯುಪಿಐ: ವ್ಯಕ್ತಿಯಿಂದ ವ್ಯಕ್ತಿಗೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ ರೂ. ಮಿತಿ ಇರುವುದರಿಂದ ಇದು ಮುಂಗಡಕ್ಕೆ ಮಾತ್ರ ಅನುಕೂಲ. ಹಣ ಪಡೆಯಲು ರಹಸ್ಯ ಪಿನ್ ನಮೂದಿಸುವ ಅಗತ್ಯ ಎಂದಿಗೂ ಇರುವುದಿಲ್ಲ. ಮಾರಾಟಗಾರರು ಮೊಬೈಲ್ ಸಂದೇಶ ಅಥವಾ ಪರದೆಯ ಚಿತ್ರವನ್ನು ನಂಬದೆ ಖಾತೆಯ ಶಿಲ್ಕನ್ನು ನೋಡಬೇಕು.

ಉ) ನಗದು: 2017ರ ಏಪ್ರಿಲ್ 1ರಿಂದ ಒಂದೇ ವ್ಯವಹಾರದಲ್ಲಿ 2 ಲಕ್ಷ ರೂ. ಅಥವಾ ಅದಕ್ಕಿಂತ ಹೆಚ್ಚು ನಗದು ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಕಂತುಗಳಾಗಿ ಪಡೆದರೂ ಈ ಮಿತಿ ಅನ್ವಯಿಸುತ್ತದೆ. ಉಲ್ಲಂಘಿಸಿದಲ್ಲಿ ಸ್ವೀಕರಿಸಿದ ಮೊತ್ತದಷ್ಟೇ ದಂಡವನ್ನು ಸ್ವೀಕರಿಸಿದವರು ತೆರಬೇಕಾಗಬಹುದು. ಸಣ್ಣ ಮೊತ್ತವಾದರೂ ಸಹಿ ಮಾಡಿದ ರಶೀದಿ ಅಗತ್ಯ.

3. ಸಾಲ ಬಾಕಿ ಇರುವ ಕಾರು

ಬಾಕಿ ಸಾಲದ ಮೊತ್ತವನ್ನು ಮಾರಾಟಗಾರರ ಕೈಗೆ ಕೊಡದೆ ನೇರವಾಗಿ ಸಾಲದ ಖಾತೆಗೆ ಪಾವತಿಸತಕ್ಕದ್ದು. ಉದಾಹರಣೆಗೆ, ಕಾರ್ಕಳದ ಖರೀದಿದಾರರೊಬ್ಬರು ಕಾಪುವಿನ ಕಾರೊಂದನ್ನು 3,60,000 ರೂ.ಗಳಿಗೆ ಒಪ್ಪಿದ್ದು, ಅದರ ಮೇಲೆ 1,40,000 ರೂ. ಸಾಲ ಬಾಕಿ ಇದೆ ಎಂದಿಟ್ಟುಕೊಳ್ಳಬಹುದು. ಮೊದಲು 10,000 ರೂ. ಮುಂಗಡ ನೀಡಿ ಲಿಖಿತ ಕರಾರು ಮಾಡಿಕೊಳ್ಳಬೇಕು. ಬಳಿಕ ಬ್ಯಾಂಕಿನಿಂದ ಸಾಲ ತೀರುವಳಿಯ ಮೊತ್ತವನ್ನು ಲಿಖಿತವಾಗಿ ಪಡೆದು 1,40,000 ರೂ.ಗಳನ್ನು ಸಾಲದ ಖಾತೆಗೆ ಜಮೆ ಮಾಡಬೇಕು. ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35 ಕೈಸೇರಿದ ನಂತರ ಉಳಿದ 2,10,000 ರೂ.ಗಳನ್ನು ಮಾಲೀಕರ ಖಾತೆಗೆ ವರ್ಗಾಯಿಸಬೇಕು. ಸಾಲದ ಖಾತೆಗೆ ಜಮೆ ಮಾಡಿದ ಹಣವೂ ಕ್ರಯದ ಭಾಗವೆಂದು ಕರಾರಿನಲ್ಲಿ ಬರೆದಿರತಕ್ಕದ್ದು.

4. ಮಾಲೀಕರು ಊರಿನಲ್ಲಿಲ್ಲದಿದ್ದಲ್ಲಿ

ಗಲ್ಫ್ ದೇಶಗಳಲ್ಲಿ ಅಥವಾ ಮುಂಬೈಯಲ್ಲಿ ನೆಲೆಸಿರುವವರ ಕಾರನ್ನು ಊರಿನ ಬಂಧುಗಳು ಮಾರುವುದು ಇಲ್ಲಿ ಸಾಮಾನ್ಯ. ಇಂತಹ ಸಂದರ್ಭದಲ್ಲಿ ಅಧಿಕಾರ ಪತ್ರವನ್ನು ಪರಿಶೀಲಿಸಿ, ಹಣವನ್ನು ಬಂಧುಗಳ ಖಾತೆಗೆ ಬದಲಾಗಿ ಮಾಲೀಕರ ಖಾತೆಗೇ ಪಾವತಿಸುವುದು ಸೂಕ್ತ; ಅನಿವಾಸಿ ಭಾರತೀಯರಾದಲ್ಲಿ ಅದು ಅವರ ಎನ್‌ಆರ್‌ಒ ಖಾತೆಯಾಗಿರಬೇಕು. ಮಹಾರಾಷ್ಟ್ರದಲ್ಲಿ ನೋಂದಣಿಯಾದ ಕಾರಿಗೆ ಅಲ್ಲಿಯ ನೋಂದಣಿ ಪ್ರಾಧಿಕಾರದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕಾಗುವುದಲ್ಲದೆ, ಕರ್ನಾಟಕದ ತೆರಿಗೆಯನ್ನೂ ತೆರಬೇಕಾಗುತ್ತದೆ. ಬೆಲೆ ಒಪ್ಪುವ ಮುನ್ನ ಈ ವೆಚ್ಚವನ್ನು ಲೆಕ್ಕ ಹಾಕಬೇಕು.

ತಾವು ಸೈನಿಕರೆಂದು ಹೇಳಿಕೊಂಡು, ಕಾರನ್ನು ತೋರಿಸದೆಯೇ ಸಾಗಾಣಿಕೆ ಶುಲ್ಕ ಅಥವಾ ಮುಂಗಡ ಕೇಳುವವರಿಗೆ ಯಾವುದೇ ಹಣ ನೀಡತಕ್ಕದ್ದಲ್ಲ.

5. ಪಾವತಿಯ ನಂತರ

ಹಣ ಸಂದಾಯವಾದ ಕೂಡಲೇ ನಮೂನೆ 29 ಮತ್ತು 30ಕ್ಕೆ ಸಹಿ ಪಡೆದು, ನೋಂದಣಿ ಪ್ರಮಾಣಪತ್ರ, ವಿಮೆ ಮತ್ತು ಎರಡೂ ಕೀಲಿಕೈಗಳನ್ನು ಪಡೆಯಬೇಕು. 1988ರ ಮೋಟಾರು ವಾಹನಗಳ ಕಾಯ್ದೆಯ 50ನೇ ಕಲಂ ಪ್ರಕಾರ, ರಾಜ್ಯದೊಳಗೆ ನೋಂದಣಿಯಾದ ವಾಹನದ ಮಾರಾಟವನ್ನು ಮಾರಾಟಗಾರರು 14 ದಿನಗಳೊಳಗೆ ಹಾಗೂ ಖರೀದಿದಾರರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು. ವಿಮೆಯ ವರ್ಗಾವಣೆಗೆ 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕು.

ಹಣ ಬಂದಿತೆಂದು ಮಾರಾಟಗಾರರು ಸುಮ್ಮನಿರುವಂತಿಲ್ಲ. ದಾಖಲೆಯಲ್ಲಿ ಮಾಲೀಕರಾಗಿ ಉಳಿದವರೇ ಅಪಘಾತದ ಪರಿಹಾರಕ್ಕೆ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ತೀರ್ಪು ನೀಡಿದೆ.

6. ವಂಚನೆಯಾದಲ್ಲಿ

ಆನ್‌ಲೈನ್ ಪಾವತಿಯಲ್ಲಿ ವಂಚನೆಯಾದುದು ತಿಳಿದ ತಕ್ಷಣ 1930 ಸಂಖ್ಯೆಗೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ಸಮೀಪದ ಪೊಲೀಸ್ ಠಾಣೆಗೂ ದೂರು ನೀಡಬೇಕು. ದೂರು ಬೇಗ ತಲುಪಿದಷ್ಟೂ, ಹಣ ಬೇರೆ ಖಾತೆಗಳಿಗೆ ಹೋಗುವ ಮುನ್ನ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ವ್ಯವಹಾರ ಸಂಖ್ಯೆ, ಕರಾರು, ರಶೀದಿ ಮತ್ತು ಸಂದೇಶಗಳನ್ನು ಮಾಲೀಕತ್ವ ವರ್ಗಾವಣೆ ಪೂರ್ಣಗೊಂಡ ನಂತರವೂ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.